ಜೇಬಿನ ಫೋನು ಯಾರನ್ನು ಕರೆಯಬೇಕು?

ನಮ್ಮ ಸಂಘದ ಸದಸ್ಯರಲ್ಲಿ ಮೊಬೈಲ್ ಫೋನಿಲ್ಲದವರು ಈಗ ಬೆರಳೆಣಿಕೆಯಷ್ಟು ಮಂದಿ. ಅಡಿಕೆಯ ಧಾರಣೆ, ಕಾಫಿ ಮಾರುಕಟ್ಟೆಯ ಏರಿಳಿತ, ಮಳೆಯ ಮುನ್ಸೂಚನೆ, ಮಗಳ ಮನೆಯ ಸುದ್ದಿ ಎಲ್ಲವೂ ಅಂಗೈಯಗಲದ ಆ ಪೆಟ್ಟಿಗೆಯಲ್ಲೇ ಬಂದಿಳಿಯುತ್ತವೆ. ಒಬ್ಬೊಬ್ಬರ ಫೋನಿನಲ್ಲೂ ಇನ್ನೂರು ಮುನ್ನೂರು ಸಂಖ್ಯೆಗಳಿರುತ್ತವೆ. ಆದರೆ ಫೋನಿನ ಒಡೆಯ ಮರದಿಂದ ಬಿದ್ದು ಮಾತಿಲ್ಲದೆ ಮಲಗಿದ್ದಾಗ, ಅದನ್ನು ಕೈಗೆತ್ತಿಕೊಂಡ ಮೂರನೆಯವನಿಗೆ ಆ ಮುನ್ನೂರರಲ್ಲಿ ಒಂದಾದರೂ ಸಂಖ್ಯೆ ಸಿಗುತ್ತದೆಯೇ? ಮಳೆಗಾಲ ಹತ್ತಿರವಾಗುತ್ತಿರುವ ಈ ದಿನಗಳಲ್ಲಿ ಸದಸ್ಯ ಬಾಂಧವರ ಮುಂದೆ ಈ ಒಂದು ಪ್ರಶ್ನೆಯನ್ನು ಇಡಬಯಸುತ್ತೇವೆ.

ನಮ್ಮ ಕಸುಬಿಗೆ ಅಪಾಯವೇನೂ ಹೊಸದಲ್ಲ. ಮುಂಗಾರು ಹಿಡಿಯುವ ಮುನ್ನ ಕೊಳೆರೋಗಕ್ಕೆ ಬೋರ್ಡೋ ಹೊಡೆಯಲು ಜನ ಅಡಿಕೆಮರ ಏರುತ್ತಾರೆ. ಮಳೆ ನಡುವೆ ಬಿಡುವು ಕೊಟ್ಟಾಗ ಮತ್ತೊಮ್ಮೆ ಏರುತ್ತಾರೆ. ಆಗ ಮರದ ಮೈಯೆಲ್ಲ ಪಾಚಿ ಹಿಡಿದು ಜಾರುತ್ತಿರುತ್ತದೆ. ಕಾಫಿ ತೋಟದಲ್ಲಿ ಮರಗಸಿ ಇದೆ, ಕರಿಮೆಣಸು ಕೊಯ್ಯುವ ಏಣಿ ಇದೆ. ಅಲ್ಯುಮಿನಿಯಂ ಏಣಿಯನ್ನೋ ದೋಟಿಯನ್ನೋ ನೆಟ್ಟಗೆ ಎತ್ತಿ ಸಾಗಿಸುವಾಗ ತಲೆಯ ಮೇಲಿನ ಕರೆಂಟಿನ ತಂತಿ ಮರೆತುಹೋಗುತ್ತದೆ. ತರಗೆಲೆಯ ಅಡಿಯ ಹಾವು, ಬೆಳಗಿನ ಮಂಜಿನಲ್ಲಿ ಎದುರಾಗುವ ಆನೆ, ತಿರುವಿನಲ್ಲಿ ಜಾರುವ ಬೈಕು ಇವನ್ನೆಲ್ಲ ನಾವು ಹೇಳಿ ತಿಳಿಯಬೇಕಾದವರು ಈ ಪತ್ರಿಕೆಯ ಓದುಗರಲ್ಲಿ ಯಾರೂ ಇಲ್ಲ. ಇವುಗಳಲ್ಲಿ ಬಹುಪಾಲು ಮನುಷ್ಯ ಒಂಟಿಯಾಗಿದ್ದಾಗ, ಇಲ್ಲವೇ ಅವನ ಮನೆಮಂದಿಯನ್ನು ಅರಿಯದವರ ನಡುವೆ ಇದ್ದಾಗ ಒದಗುತ್ತವೆ.

ಹಿಂದೆ ಸುದ್ದಿ ಮುಟ್ಟಿಸಲು ಆಳು ಓಡುತ್ತಿದ್ದ. ಆಮೇಲೆ ತಂತಿಯ ಫೋನು ಬಂತು. ಎಕ್ಸ್‌ಚೇಂಜಿನಲ್ಲಿ ಕುಳಿತ ಆಪರೇಟರಿಗೆ ಯಾವ ಮನೆಯಲ್ಲಿ ಯಾರಿದ್ದಾರೆ, ಯಾರ ಮಗಳನ್ನು ಯಾವ ಊರಿಗೆ ಕೊಟ್ಟಿದೆ ಎಂಬುದೆಲ್ಲ ಬಾಯಿಪಾಠವಾಗಿತ್ತು. ಫೋನಿನ ಪಕ್ಕದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆದ ಹತ್ತು ಹನ್ನೆರಡು ಸಂಖ್ಯೆಗಳು: ಡಾಕ್ಟರು, ಲೈನ್‌ಮನ್, ಪಟ್ಟಣದ ಮಂಡಿ, ದೊಡ್ಡಪ್ಪನ ಮನೆ. ಸುಣ್ಣ ಬಳಿಯುವವನೂ ಆ ಮೂಲೆಯನ್ನು ಬಿಟ್ಟು ಬಳಿಯುತ್ತಿದ್ದ. ಮನೆಗೆ ಬಂದ ನೆಂಟನೋ ಹಾಲು ತಂದ ಹುಡುಗನೋ ಆ ಗೋಡೆ ನೋಡಿ ಯಾರನ್ನು ಬೇಕಾದರೂ ಕರೆಯಬಹುದಿತ್ತು. ಮೊಬೈಲ್ ಬಂದ ಮೇಲೆ ಗೋಡೆಯ ಸಂಖ್ಯೆಗಳು ಜೇಬಿಗಿಳಿದವು; ಈಚೆಗೆ ಆ ಜೇಬಿಗೆ ಬೀಗವೂ ಬಿದ್ದಿದೆ. ಹೆಂಡತಿಯ ಫೋನಿನ ಸಂಖ್ಯೆಯನ್ನು ನೋಡದೆ ಹೇಳಬಲ್ಲ ಗಂಡಸರು ನಮ್ಮ ಮಹಾಸಭೆಯಲ್ಲಿ ಎಷ್ಟಿದ್ದಾರೆಂದು ಎಣಿಸಿ ನೋಡುವ ಆಸೆ ನಮಗಿದೆ.

ಈ ತೊಡಕನ್ನು ಮೊದಲು ಎತ್ತಿ ಹೇಳಿ ಹೆಸರಾದವರು ಇಂಗ್ಲೆಂಡಿನ ಕೇಂಬ್ರಿಜ್ ಕಡೆಯ ಬಾಬ್ ಬ್ರಾಚಿ ಎಂಬವರು. ಆಂಬ್ಯುಲೆನ್ಸಿನಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವ ಪ್ಯಾರಾಮೆಡಿಕ್ ಕೆಲಸ ಆಗ ಅವರದಾಗಿತ್ತು. ಪ್ರಜ್ಞೆ ತಪ್ಪಿದವರ ಜೇಬಿನಲ್ಲಿ ಫೋನಂತೂ ಇರುತ್ತದೆ, ಆದರೆ ಅದರೊಳಗಿನ ಹೆಸರುಗಳಲ್ಲಿ ಹೆಂಡತಿ ಯಾರು, ಅಕ್ಕಸಾಲಿ ಯಾರು ಎಂದು ಹೊರಗಿನವರಿಗೆ ತಿಳಿಯುವ ಬಗೆಯಿಲ್ಲ ಎಂಬುದು ಅವರ ಅನುಭವ. 2005ರಲ್ಲಿ ಅವರು ಒಂದು ಸಲಹೆ ಕೊಟ್ಟರು: ಅಪಾಯ ಕಾಲದಲ್ಲಿ ಕರೆಯಬೇಕಾದವರ ಹೆಸರಿನ ಹಿಂದೆ 'ಇನ್ ಕೇಸ್ ಆಫ್ ಎಮರ್ಜೆನ್ಸಿ' ಎಂಬುದರ ಮೊದಲಕ್ಷರಗಳಾದ 'ಐ.ಸಿ.ಇ.' ಎಂದು ಸೇರಿಸಿಡಿ, ನೋಡಿದವರಿಗೆ ಗೊತ್ತಾಗಲಿ ಎಂದು. ಅದೇ ವರ್ಷ ಜುಲೈ 7ರಂದು ಲಂಡನ್ ನಗರದ ಸುರಂಗ ರೈಲುಗಳಲ್ಲೂ ಒಂದು ಬಸ್ಸಿನಲ್ಲೂ ಬಾಂಬುಗಳು ಸಿಡಿದವು. ಆ ಬಳಿಕ ಈ ಸಣ್ಣ ಉಪಾಯ ಹಲವು ದೇಶಗಳಿಗೆ ಹಬ್ಬಿತು.

ನಮ್ಮವರ ಫೋನುಗಳನ್ನು ನೋಡಿದರೆ ಬ್ರಾಚಿಯವರ ಮಾತು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. 'ಗೊಬ್ಬರ', 'ಜೆಸಿಬಿ', 'ಪಂಪು ರಿಪೇರಿ', 'ಹಳೇ ರೈಟರ್', 'ಭಾವ', 'ಭಾವ ಎರಡು', 'ಭಾವ ಹೊಸದು'. ಇದರಲ್ಲಿ ಯಾವ ಭಾವನಿಗೆ ಫೋನು ಮಾಡಿದರೆ ಕಾರು ತೆಗೆದುಕೊಂಡು ಓಡಿ ಬರುತ್ತಾನೆಂದು ಒಡೆಯನಿಗೆ ಮಾತ್ರ ಗೊತ್ತು.

ಆದರೆ 2005ರ ಫೋನಿಗೂ ಇಂದಿನ ಫೋನಿಗೂ ಅಂತರವಿದೆ. ಅಂದಿನ ಗುಂಡಿ ಫೋನನ್ನು ಯಾರು ಒತ್ತಿದರೂ ಹೆಸರುಗಳ ಪಟ್ಟಿ ತೆರೆಯುತ್ತಿತ್ತು. ಇಂದಿನ ಟಚ್ ಫೋನು ಅಂಕಿ ಕೇಳುತ್ತದೆ, ಗೆರೆ ಎಳೆ ಎನ್ನುತ್ತದೆ, ಬೆರಳು ಇಡು ಎನ್ನುತ್ತದೆ. ಲಾಕ್ ಬಿದ್ದ ಫೋನಿನೊಳಗೆ ಎಷ್ಟೇ ಜಾಣತನದಿಂದ 'ಐ.ಸಿ.ಇ.' ಎಂದು ಬರೆದಿಟ್ಟಿದ್ದರೂ ಅದು ಕಬ್ಬಿಣದ ಪೆಟ್ಟಿಗೆಯೊಳಗಿಟ್ಟ ಉಯಿಲಿನಂತೆ. ಪ್ರಜ್ಞೆಯಿಲ್ಲದವನ ಬೆರಳನ್ನೇ ಇಟ್ಟು ತೆರೆಯಬಹುದಲ್ಲ ಎಂದು ಕೆಲವರು ಹೇಳುತ್ತಾರೆ. ಒಮ್ಮೊಮ್ಮೆ ತೆರೆಯುತ್ತದೆ, ನಿಜ. ಆದರೆ ಸುಣ್ಣ, ಮೈಲುತುತ್ತ, ಅಡಿಕೆಯ ಒಗರು ತಿಂದು ಸವೆದ ನಮ್ಮ ಬೆರಳುಗಳು ನ್ಯಾಯಬೆಲೆ ಅಂಗಡಿಯ ಯಂತ್ರದಲ್ಲೇ ನಾಲ್ಕು ಸಲ ಒತ್ತಿದರೂ ಮೂಡುವುದಿಲ್ಲ. ಕೆಸರು ಮೆತ್ತಿದ ಬೆರಳನ್ನು ಫೋನು ಒಪ್ಪುತ್ತದೆಂದು ನಂಬಿ ಕೂರುವುದು ತರವಲ್ಲ.

ಇಲ್ಲಿ ಒಂದು ಘಟನೆಯನ್ನು ವಿವರವಾಗಿ ಹೇಳಬೇಕಾಗಿದೆ. ಹೆಸರುಗಳನ್ನು ಬಿಟ್ಟಿದ್ದೇವೆ, ಸಂಬಂಧಪಟ್ಟ ಸದಸ್ಯರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇವೆ.

ಕಳೆದ ಮೆಣಸಿನ ಕೊಯ್ಲಿಗೆ ನಮ್ಮ ಸದಸ್ಯರೊಬ್ಬರ ತೋಟಕ್ಕೆ ಗುತ್ತಿಗೆಯವನೊಬ್ಬ ಒಂಬತ್ತು ಜನರನ್ನು ಕರೆತಂದಿದ್ದ. ಎಲ್ಲರೂ ಒಂದೇ ಊರಿನವರಲ್ಲ. ಅವರಲ್ಲೊಬ್ಬ ಬೀದರ್ ಜಿಲ್ಲೆಯ ಹುಮನಾಬಾದ್ ಕಡೆಯ ಕೊಡಂಬಲದ ಯುವಕ. ಅದು ಬಯಲುಸೀಮೆ, ತೊಗರಿ, ಜೋಳ, ಕಬ್ಬಿನ ನಾಡು. ತೊಗರಿಯ ರಾಶಿ ಮುಗಿದ ಮೇಲೆ ಅಲ್ಲಿ ಕೂಲಿ ಕಡಿಮೆ, ಇಲ್ಲಿ ಆಗಷ್ಟೇ ಮೆಣಸು ಹಣ್ಣಾಗುವ ಕಾಲ. ನಮ್ಮಿಂದ ಸುಮಾರು ಆರುನೂರು ಕಿಲೋಮೀಟರ್ ದೂರದಿಂದ ಬಂದ ಆ ಹುಡುಗನನ್ನು ಜೊತೆಯವರು 'ಬೀದರ್' ಎಂದೇ ಕರೆಯುತ್ತಿದ್ದರು. ಅವನ ನಿಜವಾದ ಹೆಸರು ಗುತ್ತಿಗೆಯವನಿಗೆ ಮಾತ್ರ ಗೊತ್ತಿತ್ತು. ಆತ ಇನ್ನೊಂದು ತಂಡ ತರಲು ಹೋಗಿದ್ದ.

ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹುಡುಗ ಏಣಿಯ ಮೇಲಿಂದ ಬಿದ್ದ. ತಲೆಗೂ ಎಡಗೈಗೂ ಪೆಟ್ಟಾಗಿ ಪ್ರಜ್ಞೆ ಹೋಗಿತ್ತು. ಸದಸ್ಯರು ತಡಮಾಡದೆ ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಆಂಬ್ಯುಲೆನ್ಸಿನಲ್ಲಿ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಇಷ್ಟು ಸರಿಯಾಗಿಯೇ ನಡೆಯಿತು. ಸಂಜೆಯ ಹೊತ್ತಿಗೆ ಹುಡುಗನಿಗೆ ಫಿಟ್ಸ್ ಬರಲಾರಂಭಿಸಿತು. ಮೊದಲಿನಿಂದ ಏನಾದರೂ ಕಾಯಿಲೆ ಇತ್ತೇ, ಔಷಧ ತೆಗೆದುಕೊಳ್ಳುತ್ತಿದ್ದನೇ ಎಂದು ವೈದ್ಯರು ಕೇಳಿದರೆ ಉತ್ತರಿಸುವವರಿಲ್ಲ.

ಅವನ ಫೋನು ಎಲ್ಲಿತ್ತೆಂದರೆ, ಮರವೇರುವಾಗ ಬೀಳದಿರಲೆಂದು ಅಂಗಿಯ ಜೊತೆ ಕಾಫಿ ಗಿಡಕ್ಕೆ ನೇತುಹಾಕಿದ್ದ. ಜೊತೆಯವರು ಅದನ್ನು ತಂದು ಲೈನ್ ಮನೆಯ ಮೊಳೆಗೆ ಸಿಕ್ಕಿಸಿದರು. ಅದಕ್ಕೆ ಗೆರೆಯ ಲಾಕ್ ಇತ್ತು. ರಾತ್ರಿ ಎಂಟೂವರೆಯ ಸುಮಾರಿಗೆ ಆ ಫೋನು ತಾನಾಗಿ ಬಾರಿಸಿತು. ಮೇಲೆ 'ಅವ್ವ' ಎಂದು ಬಂದಿತ್ತು. ಏನು ಹೇಳುವುದೆಂದು ಹೆದರಿ ಯಾರೂ ಎತ್ತಲಿಲ್ಲ. ಮೂರು ಸಲ ಬಾರಿಸಿ ನಿಂತಿತು. ಬೆಳಗಾಗುವಷ್ಟರಲ್ಲಿ ಬ್ಯಾಟರಿ ಮುಗಿದಿತ್ತು.

ನಮಗೆ ವಿಷಯ ತಿಳಿದದ್ದು ಆ ರಾತ್ರಿ. ಬೆಳಿಗ್ಗೆ ಗುತ್ತಿಗೆಯವನ ಚೀಲದಲ್ಲಿ ಆಧಾರಿನ ಜೆರಾಕ್ಸ್ ಪ್ರತಿ ಸಿಕ್ಕಿತು: ಕೊಡಂಬಲ, ಹುಮನಾಬಾದ್ ತಾಲ್ಲೂಕು. ಹುಮನಾಬಾದಿಗೆ ಫೋನು ಮಾಡಿದರೆ, ಆ ಊರು ಈಗ ಚಿಟಗುಪ್ಪ ತಾಲ್ಲೂಕಿಗೆ ಸೇರಿದೆ, ಅಲ್ಲಿ ಕೇಳಿ ಎಂಬ ಉತ್ತರ ಬಂತು. ಅಷ್ಟರಲ್ಲಿ ನಮ್ಮ ಗುಮಾಸ್ತರಿಗೆ ತಮ್ಮ ಭಾವಮೈದುನ ಹುಮನಾಬಾದಿನ ಬ್ಯಾಂಕೊಂದರಲ್ಲಿರುವುದು ನೆನಪಾಯಿತು. ಆತ ಕೊಡಂಬಲದ ಗಿರಾಕಿಯೊಬ್ಬರನ್ನು ಹಿಡಿದು, ಅವರು ಊರಿನ ಕಿರಾಣಿ ಅಂಗಡಿಗೆ ಫೋನು ಮಾಡಿ, ಅಂಗಡಿಯವರು ಮನೆಗೆ ಹುಡುಗನನ್ನು ಓಡಿಸಿ, ಕೊನೆಗೆ ತಾಯಿ ಮಾತಿಗೆ ಸಿಕ್ಕಾಗ ಹತ್ತು ಗಂಟೆ. ಅಂದರೆ ಬಿದ್ದು ಇಪ್ಪತ್ತಮೂರು ಗಂಟೆಗಳಾಗಿದ್ದವು. ಮಗ ಬಿದ್ದನೆಂದು ಕೇಳಿದ ಕೂಡಲೇ ಆ ತಾಯಿ ಅಳುವುದಕ್ಕೂ ಮುಂಚೆ ಕೇಳಿದ ಮಾತು: "ಗುಳಿಗಿ ತೊಗೊಂಡಾನೇನ್ರೀ ಅವ?"

ಹುಡುಗನಿಗೆ ಚಿಕ್ಕಂದಿನಿಂದ ಮೂರ್ಛೆ ರೋಗವಿತ್ತು. ದಿನಕ್ಕೆರಡು ಗುಳಿಗೆ. ತಂದದ್ದು ಮುಗಿದು ವಾರವಾಗಿತ್ತು. ಕೇಳಿದರೆ ಕೆಲಸ ತಪ್ಪೀತೆಂದು ಯಾರಿಗೂ ಹೇಳಿರಲಿಲ್ಲ. ತಾಯಿ ಗುಳಿಗೆಯ ಹೆಸರಿನ ಚೀಟಿಯನ್ನು ಅಂಗಡಿಯವರ ಫೋನಿನಲ್ಲಿ ಚಿತ್ರ ತೆಗೆಸಿ ಕಳುಹಿಸಿದರು. ವೈದ್ಯರಿಗೆ ಅಂದಿನಿಂದ ದಾರಿ ಕಂಡಿತು. ಹುಡುಗ ಬದುಕಿ ಊರಿಗೆ ಮರಳಿದ್ದಾನೆ. ಎಡಗೈ ಮಾತ್ರ ಮೊದಲಿನ ಹಾಗೆ ಮಡಚುವುದಿಲ್ಲವಂತೆ.

ಈ ಘಟನೆಯಲ್ಲಿ ಯಾರನ್ನೂ ದೂರುವುದು ನಮ್ಮ ಉದ್ದೇಶವಲ್ಲ. ಜೀವ ಉಳಿಸುವ ಚಿಕಿತ್ಸೆಗೆ ವೈದ್ಯರು ಬಂಧುಗಳ ಸಹಿಗಾಗಿ ಕಾಯಬೇಕಾಗಿಲ್ಲ, ಕಾಯಲೂ ಇಲ್ಲ. ಆದರೆ ಬಂಧುಗಳು ಬರೀ ಸಹಿ ಹಾಕುವವರಲ್ಲ. ರೋಗಿಯ ಹಿಂದಿನ ಕಥೆ ಅವರ ಬಾಯಲ್ಲಿರುತ್ತದೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಯಾವುದೋ ಚುಚ್ಚುಮದ್ದು ಮೈಗೆ ಒಗ್ಗದವರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ?

ಫೋನು ಲಾಕ್ ಆಗಿದ್ದರೂ ಬರುವ ಕರೆಯನ್ನು ಯಾರು ಬೇಕಾದರೂ ಎತ್ತಬಹುದು. ಗಾಯಾಳುವಿನ ಫೋನನ್ನು ಗಾಯಾಳುವಿನ ಜೊತೆಗೇ ಆಸ್ಪತ್ರೆಗೆ ಕಳುಹಿಸಬೇಕು, ಚಾರ್ಜು ಇಳಿಯದಂತೆ ನೋಡಿಕೊಳ್ಳಬೇಕು, ಕರೆ ಬಂದರೆ ಎತ್ತಬೇಕು. ಸಂಜೆಯೊಳಗೆ ಮನೆಯಿಂದ ಒಂದಾದರೂ ಕರೆ ಬಂದೇ ಬರುತ್ತದೆ.

ಇನ್ನು ಮಾಡಬೇಕಾದ ಏರ್ಪಾಡು. ಆಂಡ್ರಾಯ್ಡ್ ಫೋನುಗಳಲ್ಲಿ 2016ರ ಏಳನೆಯ ಆವೃತ್ತಿಯಿಂದೀಚೆಗೆ ಇದಕ್ಕೆಂದೇ ಒಂದು ಜಾಗವಿದೆ. 'ಸೆಟ್ಟಿಂಗ್ಸ್' ಒಳಗೆ ಸುರಕ್ಷತೆ, ತುರ್ತು ಎಂಬ ಹೆಸರಿನ ಭಾಗ ಹುಡುಕಬೇಕು. ಕಂಪೆನಿಯಿಂದ ಕಂಪೆನಿಗೆ ಅದರ ಜಾಗವೂ ಹೆಸರೂ ಸ್ವಲ್ಪ ಬೇರೆ. ಅಲ್ಲಿ ರಕ್ತದ ಗುಂಪು, ಕಾಯಿಲೆ, ನುಂಗುವ ಔಷಧ, ಕರೆಯಬೇಕಾದವರ ಸಂಖ್ಯೆ ಇಷ್ಟನ್ನು ತುಂಬಬಹುದು. ತುಂಬಿ, ಲಾಕ್ ಇದ್ದಾಗಲೂ ತೋರಿಸು ಎಂಬುದಕ್ಕೆ ಒಪ್ಪಿಗೆ ಕೊಟ್ಟರೆ, ಲಾಕ್ ಬಿದ್ದ ಫೋನಿನ ಪರದೆಯಲ್ಲಿ 'ತುರ್ತು ಕರೆ' ಎಂದಿರುವುದನ್ನು ಒತ್ತಿದವರಿಗೆ ಆ ಮಾಹಿತಿ ಕಾಣುತ್ತದೆ. ಐಫೋನಿನಲ್ಲಿ 2014ರಿಂದ 'ಮೆಡಿಕಲ್ ಐಡಿ' ಎಂಬ ಹೆಸರಿನಲ್ಲಿ ಇದೇ ಸೌಕರ್ಯವಿದೆ. ಪಟ್ಟಣದಲ್ಲಿರುವ ಮಕ್ಕಳು ರಜೆಗೆ ಬಂದಾಗ ಅಪ್ಪ ಅಮ್ಮನ ಫೋನಿನಲ್ಲಿ ಹಾಡು ಹಾಕಿಕೊಡುತ್ತಾರೆ, ಚಿತ್ರ ಹಾಕಿಕೊಡುತ್ತಾರೆ. ಐದು ನಿಮಿಷ ಇದಕ್ಕೂ ಕೊಡಲಿ.

ನಮಗೆ ಇದಕ್ಕಿಂತ ಮೆಚ್ಚಿಗೆಯಾದದ್ದು ಇನ್ನೊಂದು ಉಪಾಯ. ಒಂದು ಬಿಳಿ ಹಾಳೆಯ ಮೇಲೆ ದಪ್ಪ ಅಕ್ಷರದಲ್ಲಿ 'ಮನೆ' ಎಂದೋ 'ಮಗ' ಎಂದೋ ಬರೆದು ಕೆಳಗೆ ಸಂಖ್ಯೆ ಬರೆಯಿರಿ. ಫೋನಿನಲ್ಲೇ ಅದರ ಚಿತ್ರ ತೆಗೆದು, ದೇವರ ಪಟವನ್ನೋ ಮೊಮ್ಮಗುವಿನ ಪಟವನ್ನೋ ಇಡುವ ಆ ಲಾಕ್ ಪರದೆಯ ಮೇಲೆ ಇಟ್ಟುಬಿಡಿ. ಯಾವ ಕಂಪೆನಿಯ ಟಚ್ ಫೋನಿಗಾದರೂ ಸರಿ. 'ತುರ್ತು ಕರೆ' ಒತ್ತಿ ಒಳಗೆ ಹುಡುಕಬೇಕೆಂಬುದು ಗೊತ್ತಿಲ್ಲದವರಿಗೂ ಅದು ಕಾಣುತ್ತದೆ. ಓದು ಬಾರದವನೂ ಅಂಕಿ ನೋಡಿ ತನ್ನ ಫೋನಿನಿಂದ ಒತ್ತುತ್ತಾನೆ. ಮೊಮ್ಮಗುವಿನ ಪಟ ಒಳಗಿನ ಪರದೆಗೆ ಹೋಗಲಿ.

ಗುಂಡಿ ಫೋನಿನವರಿಗೆ ಇಷ್ಟು ತಾಪತ್ರಯವಿಲ್ಲ. ಸಾಮಾನ್ಯವಾಗಿ ಅದರ ಬೀಗ ಎರಡು ಗುಂಡಿಯಲ್ಲಿ ತೆರೆಯುತ್ತದೆ. ಪಟ್ಟಿಯ ತುದಿಯಲ್ಲೇ ಬರುವಂತೆ ಇಂಗ್ಲಿಷಿನ 'ಎ' ಅಕ್ಷರವನ್ನು ಎರಡು ಸಲ ಒತ್ತಿ, ಮುಂದೆ 'ಮನೆ', 'ಮಗ', 'ಪಕ್ಕದಮನೆ' ಎಂದು ಬರೆದುಕೊಂಡರೆ ಸಾಕು. 'ಐ.ಸಿ.ಇ.' ಎಂದು ಬರೆಯಬಾರದೆಂದಲ್ಲ. ಆದರೆ ನಮ್ಮ ತೋಟದಲ್ಲಿ ಬಿದ್ದವನನ್ನು ಮೊದಲು ನೋಡುವವನು ಇಂಗ್ಲೆಂಡಿನ ಪ್ಯಾರಾಮೆಡಿಕ್ ಅಲ್ಲ, ಪಕ್ಕದ ತೋಟದ ಕೊನೆಗೌಡ. ಅವನಿಗೆ ತಿಳಿಯುವ ಮಾತಿನಲ್ಲಿರಲಿ.

ಯಾರ ಸಂಖ್ಯೆ ಇಡಬೇಕೆಂಬುದು ಇದಕ್ಕಿಂತ ಮುಖ್ಯ. ಮಗ ಅಮೆರಿಕದಲ್ಲಿದ್ದಾನೆ, ಮಗಳು ಬೆಂಗಳೂರಿನಲ್ಲಿದ್ದಾಳೆ ಎಂದು ಅವರಿಬ್ಬರ ಸಂಖ್ಯೆಯನ್ನೇ ಇಟ್ಟರೆ, ನಮಗೆ ಹಗಲಾದಾಗ ಅಲ್ಲಿ ರಾತ್ರಿ. ಮಗ ಎದ್ದು ನೋಡಿ ಗಾಬರಿಯಾಗಿ ನಮಗೇ ಫೋನು ಮಾಡುತ್ತಾನೆ. ಮೊದಲನೆಯ ಸಂಖ್ಯೆ ಅರ್ಧ ಗಂಟೆಯಲ್ಲಿ ಬಂದು ನಿಲ್ಲಬಲ್ಲವರದಾಗಿರಬೇಕು. ನೆರೆಮನೆಯವರೊಡನೆ ಬೇಲಿಯ ವ್ಯಾಜ್ಯವಿದ್ದರೂ ಚಿಂತೆಯಿಲ್ಲ. ಇಂಥ ಹೊತ್ತಿನಲ್ಲಿ ಬೇಲಿ ಹಾರಿ ಬರುವವರು ಅವರೇ ಎಂಬುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಎರಡನೆಯದು ಕಾಯಿಲೆ, ಔಷಧಗಳ ವಿವರ ಬಲ್ಲ ಮನೆಯವರದು. ಮೂರನೆಯದು ದೂರವಿದ್ದರೂ ತೀರ್ಮಾನ ಹೇಳಬಲ್ಲವರದು. ಹೀಗೆ ಹೆಸರಿಸಿದವರಿಗೆ ಒಂದು ಮಾತು ತಿಳಿಸಿಯೂ ಇರಬೇಕು. ಗೊತ್ತಿಲ್ಲದ ಸಂಖ್ಯೆಯ ಕರೆ ಎತ್ತದಿರುವುದೇ ಈಗ ಅನೇಕರ ವಾಡಿಕೆಯಾಗಿದೆ.

ಅದಕ್ಕೂ ಕಾರಣವಿದೆ. ಮಗನಿಗೆ ಅಪಘಾತವಾಗಿದೆ, ಕೂಡಲೇ ಹಣ ಕಳುಹಿಸಿ ಎಂದು ಸುಳ್ಳು ಕರೆ ಮಾಡಿ ದೋಚುವವರು ಹೆಚ್ಚಿದ್ದಾರೆ. ಅಂಥ ಕರೆ ಬಂದರೆ ಎಲ್ಲಿ, ಯಾವ ಆಸ್ಪತ್ರೆ ಎಂದು ಕೇಳಿ ಇಟ್ಟುಬಿಡಿ. ಮಗನ ಸಂಖ್ಯೆಗೆ, ಆ ಆಸ್ಪತ್ರೆಗೆ ನೀವೇ ಫೋನು ಮಾಡಿ. ಹಣದ ಮಾತು ಮೊದಲು ಬಂದರೆ ಅದು ಅಪಘಾತದ ಸುದ್ದಿಯಲ್ಲ. ಲಾಕ್ ಪರದೆಯ ಮೇಲೆ ಸಂಖ್ಯೆಯೂ ರಕ್ತದ ಗುಂಪೂ ಇದ್ದರೆ ಸಾಕು. ಆಧಾರ್ ಸಂಖ್ಯೆ, ಬ್ಯಾಂಕಿನ ವಿವರ ಅಲ್ಲಿ ಬೇಡವೇ ಬೇಡ.

ಫೋನಿನ ಮಾತು ಇಷ್ಟಾದರೂ, ಫೋನನ್ನೇ ನಂಬಿ ಕೂರುವಂತಿಲ್ಲ. ಅದು ಬಿದ್ದು ಒಡೆಯುತ್ತದೆ, ನೆನೆಯುತ್ತದೆ, ಆ ಹುಡುಗನದರಂತೆ ಗಿಡಕ್ಕೆ ನೇತಾಡುತ್ತಿರುತ್ತದೆ. 2018ರ ಆಗಸ್ಟ್ ತಿಂಗಳಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆಯ ಕಾಫಿ ಬೆಳೆಗಾರರು ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟರು. ಹಲವೆಡೆ ಕರೆಂಟೂ ಇಲ್ಲ, ಟವರೂ ಇಲ್ಲ. ಮರುವರ್ಷ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯ ಕಡೆಯೂ ಅದೇ ಪಾಡು. ಬ್ಯಾಟರಿ ಸತ್ತ ಫೋನಿನೊಳಗೆ ಅಣ್ಣನ ಸಂಖ್ಯೆಯಿದ್ದು, ಪಕ್ಕದವರ ಫೋನಿನಲ್ಲಿ ಜೀವವಿದ್ದರೂ ಒತ್ತುವ ಹತ್ತು ಅಂಕಿ ಬಾಯಿಗೆ ಬಾರದಿದ್ದರೆ ಏನು ಮಾಡುವುದು? ಎರಡು ಸಂಖ್ಯೆಗಳಾದರೂ ಪ್ರತಿಯೊಬ್ಬರಿಗೂ, ಶಾಲೆಗೆ ಹೋಗುವ ಮಕ್ಕಳಿಗೂ ಬಾಯಿಪಾಠವಿರಬೇಕು. ಮಗ್ಗಿ ಹೇಳಿಸಿದ ಹಾಗೆ ಹೇಳಿಸಿರಿ.

ಮಿಕ್ಕದ್ದಕ್ಕೆ ಕಾಗದವೇ ಗತಿ. ಸಂಘದಿಂದ ಅಂಗೈಯಲ್ಲಿ ಅಡಗುವಂಥ ಚೀಟಿಗಳನ್ನು ಮುದ್ರಿಸಿದ್ದೇವೆ: ಹೆಸರು, ಊರು, ರಕ್ತದ ಗುಂಪು, ಕಾಯಿಲೆ ಮತ್ತು ಔಷಧ, ಮೂರು ಸಂಖ್ಯೆ. ಪ್ಲಾಸ್ಟಿಕ್ ಹೊದಿಸಿ ಕೊಡುತ್ತೇವೆ. ಬೈಕಿನ ಸೀಟಿನ ಅಡಿಯಲ್ಲಿ ಒಂದು, ಹೆಲ್ಮೆಟ್ಟಿನ ಒಳಬದಿಯಲ್ಲಿ ಒಂದು ಇರಲಿ. ಮರ ಏರುವವರು ಅಂಗಿ ಕಳಚುತ್ತಾರೆ, ಫೋನು ಬಿಡುತ್ತಾರೆ. ಎಲೆಅಡಿಕೆಯ ಸಂಚಿಯನ್ನು ಮಾತ್ರ ಸೊಂಟದಿಂದ ಬಿಡುವವರಲ್ಲ. ಚೀಟಿಗೆ ಅದಕ್ಕಿಂತ ಭದ್ರವಾದ ಜಾಗ ನಮಗೆ ತೋಚಿಲ್ಲ.

ತೋಟದಲ್ಲಿ ಚೆಕ್‌ರೋಲ್ ಇಡುವವರಿಗೆ ಒಂದು ಕೋರಿಕೆ. ಆಳಿನ ಹೆಸರು, ದಿನ, ಕೂಲಿ ಬರೆಯುವ ಆ ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದು 'ಮನೆಯ ಫೋನು' ಎಂದು ಬರೆಯಿರಿ. ಬಿಜಾಪುರ, ರಾಯಚೂರು, ಬೀದರ್ ಕಡೆಯವರಾಗಲಿ, ಅಸ್ಸಾಮಿನವರಾಗಲಿ, ಬಂದ ದಿನವೇ ಕೇಳಿ ಬರೆದುಕೊಳ್ಳಬೇಕು. ಬರೆದುಕೊಂಡರೆ ಸಾಲದು, ಅಲ್ಲೇ ಒಮ್ಮೆ ಆ ಸಂಖ್ಯೆಗೆ ಕರೆ ಮಾಡಿ "ನಿಮ್ಮವರು ನಮ್ಮ ತೋಟಕ್ಕೆ ಕ್ಷೇಮವಾಗಿ ಬಂದಿದ್ದಾರೆ" ಎಂದು ಹೇಳಿಬಿಡಿ. ಸಂಖ್ಯೆ ಸರಿಯೋ ತಪ್ಪೋ ಗೊತ್ತಾಗುತ್ತದೆ. ಅಷ್ಟು ದೂರದಲ್ಲಿ ಕಾಯುವ ತಾಯಿಗೂ ಮಗನ ಯಜಮಾನರ ದನಿ ಪರಿಚಯವಾಗುತ್ತದೆ. ಏನಾದರೂ ಔಷಧ ನಡೆಯುತ್ತಿದೆಯೇ ಎಂಬುದನ್ನು ಗುಂಪಿನಲ್ಲಿ ಕೇಳಬೇಡಿ, ಒಬ್ಬೊಬ್ಬರನ್ನೇ ಕೇಳಿ. ಇದೆ ಎಂದರೆ ಕೆಲಸ ಬಿಡಿಸುವುದಿಲ್ಲವೆಂದೂ ಏಣಿಯ ಬದಲು ಕಣದ ಕೆಲಸ ಕೊಡುತ್ತೇವೆಂದೂ ಮೊದಲೇ ತಿಳಿಸಿ. ಇಲ್ಲವಾದರೆ ಯಾರು ತಾನೇ ಬಾಯಿ ಬಿಡುತ್ತಾರೆ?

ಸರ್ಕಾರದ ಸಂಖ್ಯೆಗಳ ವಿಷಯ. ಆಂಬ್ಯುಲೆನ್ಸಿನ 108 ನಮ್ಮ ರಾಜ್ಯದಲ್ಲಿ 'ಆರೋಗ್ಯ ಕವಚ' ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಆರಂಭವಾಯಿತು; ಈಗ ಮಕ್ಕಳಿಗೂ ಗೊತ್ತು. ಪೊಲೀಸು, ಅಗ್ನಿಶಾಮಕ, ವೈದ್ಯಕೀಯ ನೆರವಿಗೆಲ್ಲ ಸೇರಿ ದೇಶಕ್ಕೇ ಒಂದಾದ ಸಂಖ್ಯೆ 112. ಫೋನು ಲಾಕ್ ಆಗಿದ್ದರೂ 'ತುರ್ತು ಕರೆ'ಯ ಮೂಲಕ ಅದನ್ನು ಒತ್ತಬಹುದು. 2016ರ ಕೇಂದ್ರ ನಿಯಮದ ಪ್ರಕಾರ 2017ರಿಂದ ಮಾರುವ ಗುಂಡಿ ಫೋನುಗಳಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿದರೆ, ಟಚ್ ಫೋನುಗಳಲ್ಲಿ ಪವರ್ ಗುಂಡಿಯನ್ನು ಬೇಗ ಬೇಗ ಮೂರು ಸಲ ಒತ್ತಿದರೆ ತುರ್ತು ಕರೆ ಹೋಗುವ ಏರ್ಪಾಡು ಇರಬೇಕು. ಕೆಲವು ಹೊಸ ಫೋನುಗಳಲ್ಲಿ ಐದು ಸಲ ಒತ್ತಬೇಕಾಗುತ್ತದೆ. ಯಾವ ಕಂಪೆನಿಯ ಸಿಗ್ನಲ್ಲೂ ಇಲ್ಲದ ಕಣಿವೆಯಲ್ಲಿ 112 ಕೂಡ ಕೆಲಸ ಮಾಡದು. ಹಾಗೆ ಮಾಡುತ್ತದೆಂದು ಸುತ್ತುತ್ತಿರುವ ವಾಟ್ಸಾಪ್ ಸಂದೇಶವನ್ನು ನಂಬಿ ಕೂರಬೇಡಿ. ನಿಮ್ಮ ತೋಟದಲ್ಲಿ ಸಿಗ್ನಲ್ ಸಿಗುವ ದಿಬ್ಬ ಯಾವುದೆಂದು ಹೊರಗಿನಿಂದ ಬಂದ ಕೆಲಸದವರಿಗೂ ತೋರಿಸಿಡಿ. ತಂತಿ ಹರಿದು ಬಿದ್ದರೆ ವಿದ್ಯುತ್ ಕಂಪೆನಿಯ 1912, ಆನೆ ಬಂದರೆ ಅರಣ್ಯ ಇಲಾಖೆಯ 1926 ಇವನ್ನೂ ಗೋಡೆಯ ಮೇಲೆ ಬರೆದಿಡಿ. ಹೌದು, ಗೋಡೆಯ ಮೇಲೆಯೇ. ಹಾವಿನ ವಿಷಕ್ಕೆ ಔಷಧವಿಡುವ ಹತ್ತಿರದ ಆಸ್ಪತ್ರೆಯ ಸಂಖ್ಯೆಯೂ ಅಲ್ಲಿರಲಿ. ಹೊರಡುವ ಮುನ್ನ ದಾಸ್ತಾನಿದೆಯೇ ಎಂದು ಕೇಳಿದರೆ ಸುತ್ತು ತಪ್ಪುತ್ತದೆ.

ಆಂಬ್ಯುಲೆನ್ಸಿನವರಿಗೆ ದಾರಿ ಹೇಳುವುದೂ ಒಂದು ವಿದ್ಯೆ. "ಹಲಸಿನ ಮರದ ಹತ್ತಿರ ಎಡಕ್ಕೆ" ಎಂದರೆ ನಮಗೆ ಸಾಕು, ಪಟ್ಟಣದಿಂದ ಬರುವ ಚಾಲಕನಿಗೆ ಮಲೆನಾಡಿನಲ್ಲಿ ಎಲ್ಲ ಮರವೂ ಹಲಸೇ. ರಸ್ತೆಯ ಕಿಲೋಮೀಟರ್ ಕಲ್ಲು, ಹತ್ತಿರದ ಶಾಲೆ, ಸೇತುವೆ ಹೇಳಿ, ರಸ್ತೆಯ ಬಾಯಿಗೆ ಒಬ್ಬರನ್ನು ನಿಲ್ಲಿಸಿ.

ರಸ್ತೆಯಲ್ಲಿ ಬಿದ್ದವರನ್ನು ಮುಟ್ಟಿದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಹೆದರಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಗಾಯಾಳುವಿಗೆ ನೆರವಾದವರನ್ನು ಕಾಡಕೂಡದೆಂದು ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಹೇಳಿದೆ. ಕರ್ನಾಟಕ ಇದಕ್ಕೆಂದೇ ಕಾನೂನು ಮಾಡಿದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 134ಎ ಕಲಮೂ ಇಂಥವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ. ಆದ್ದರಿಂದ ಬಿದ್ದವರ ಫೋನನ್ನು ಕೈಗೆತ್ತಿಕೊಂಡು ಅದರ ಪರದೆಯ ಮೇಲಿನ ಸಂಖ್ಯೆಗೆ ಕರೆ ಮಾಡಲು ಯಾರೂ ಅಂಜಬೇಕಾಗಿಲ್ಲ.

ಸಂಖ್ಯೆಗಳನ್ನು ಕಲೆಹಾಕುವುದರಿಂದ ಏನಾಗಬಹುದೆಂಬುದಕ್ಕೆ ನೆರೆಯ ತಮಿಳುನಾಡಿನ ವಾಲ್ಪಾರೈ ಒಂದು ಮಾದರಿ. ಚಹಾ, ಕಾಫಿ ತೋಟಗಳ ಆ ಪ್ರಸ್ಥಭೂಮಿಯಲ್ಲಿ ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ ಸಂಸ್ಥೆಯವರು ನಿವಾಸಿಗಳ ಮೊಬೈಲ್ ಸಂಖ್ಯೆಗಳನ್ನು ಊರುವಾರು ಬರೆದುಕೊಂಡು, ಆನೆಗಳು ಎಲ್ಲಿವೆಯೆಂದು ಸುತ್ತಲಿನವರಿಗೆ ಸಂಜೆಯೇ ಸಂದೇಶ ಕಳುಹಿಸುವ ಪದ್ಧತಿ ತಂದರು. ಮೊಬೈಲಿನಿಂದಲೇ ಹೊತ್ತಿಸಬಲ್ಲ ಕೆಂಪು ದೀಪಗಳನ್ನೂ ಎತ್ತರದ ಜಾಗಗಳಲ್ಲಿ ನೆಟ್ಟರು. ಕತ್ತಲಲ್ಲಿ ಬಸ್ಸಿಳಿದು ಮನೆಗೆ ನಡೆಯುವ ಕೂಲಿಯವರಿಗೆ ಇದರಿಂದ ಆದ ಉಪಕಾರ ದೊಡ್ಡದು. ಈ ಕೆಲಸದ ಮುಂದಾಳು ಆನಂದ ಕುಮಾರ್ ಅವರಿಗೆ 2015ರಲ್ಲಿ ಇಂಗ್ಲೆಂಡಿನ ವಿಟ್ಲಿ ಪ್ರಶಸ್ತಿ ಬಂತು. ನಮ್ಮ ಸಂಘದ ಚೀಟಿಗಳು ಅಷ್ಟು ದೊಡ್ಡ ಕೆಲಸವೇನೂ ಅಲ್ಲ. ಆದರೂ ಸದಸ್ಯರು ಒಪ್ಪಿದರೆ ಊರುವಾರು ಪಟ್ಟಿಯೊಂದನ್ನು ಕಚೇರಿಯಲ್ಲಿ ಬರೆದಿಟ್ಟು, ಮಳೆಗಾಲದಲ್ಲಿ ರಸ್ತೆ ಕಡಿದಾಗ ಯಾವ ಮನೆಯಲ್ಲಿ ವಯಸ್ಸಾದವರು ಇಬ್ಬರೇ ಇದ್ದಾರೆಂದು ತಿಳಿಯಲು ಬಳಸುವ ಆಲೋಚನೆ ಇದೆ. ಈ ಪಟ್ಟಿಯನ್ನು ಯಾವ ವ್ಯಾಪಾರಿಗೂ ಕೊಡುವುದಿಲ್ಲವೆಂದು ಆಡಳಿತ ಮಂಡಳಿ ಗೊತ್ತುವಳಿ ಮಾಡಿದೆ.

ಬರುವ ನಾಲ್ಕು ಸಂತೆಯ ದಿನಗಳಂದು ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಗೊಬ್ಬರದ ಗೋದಾಮಿನ ಪಕ್ಕದ ಕೋಣೆಯಲ್ಲಿ ನಮ್ಮ ಕಚೇರಿಯ ಇಬ್ಬರು ಕುಳಿತಿರುತ್ತಾರೆ. ಫೋನು ತಂದರೆ ಪರದೆಯ ಮೇಲೆ ಸಂಖ್ಯೆ ಹಾಕಿಕೊಟ್ಟು, ಚೀಟಿ ತುಂಬಿಕೊಡುತ್ತಾರೆ. ಚೀಟಿಗೂ ಕೆಲಸಕ್ಕೂ ದುಡ್ಡಿಲ್ಲ. ತೋಟದ ಕೆಲಸದವರನ್ನೂ ಕರೆತರಬಹುದು; ಅವರು ಸದಸ್ಯರಲ್ಲವೆಂಬ ಮಾತು ಇಲ್ಲಿಲ್ಲ. ಬರುವಾಗ ಓದುವ ಕನ್ನಡಕ, ನುಂಗುವ ಮಾತ್ರೆಗಳ ಖಾಲಿ ಪಟ್ಟಿ, ರಕ್ತದ ಗುಂಪು ಬರೆದ ಹಳೆಯ ಆಸ್ಪತ್ರೆ ಚೀಟಿ ಇದ್ದರೆ ಅದು, ಇಷ್ಟು ತನ್ನಿ. ಫೋನಿನ ಲಾಕ್ ತೆರೆಯುವ ಬಗೆ ನಿಮಗೆ ಗೊತ್ತಿರಬೇಕು. ಅದನ್ನು ಮೊಮ್ಮಗ ಹಾಕಿಕೊಟ್ಟದ್ದಾದರೆ ಮೊಮ್ಮಗನನ್ನೂ ಜೊತೆಗೆ ಕರೆತನ್ನಿ.